ಚೋಮ ಹಿಂದಿರುಗಿದ ದಾರಿ

ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಇಲ್ಲಿ ಬಸ್ಸು ಬದಲಿಸಿ ಕೆಲವರು ಬೆಳ್ತಂಗಡಿಯತ್ತ, ಕೆಲವರು ಮಾಣಿಯ ಮೂಲಕ ಪುತ್ತೂರಿನತ್ತ ಸಾಗುತ್ತಾರೆ. ಕನ್ನಡ ಕಥಾಸಾಹಿತ್ಯದ ಚರಿತ್ರೆಯಲ್ಲಿಯೂ ಈ ಕೂಡುದಾರಿಯ ಸುತ್ತಲ ಊರುಗಳಿಗೆ ಒಂದು ಸ್ಥಾನವಿದೆ. ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದ್ದು ಬಂಟ್ವಾಳದಲ್ಲಿ. ಶಿವರಾಮ ಕಾರಂತರು ಹಲವು ದಶಕಗಳ ಕಾಲ ಬಾಳಿ ಬರೆದದ್ದು ಪುತ್ತೂರಿನಲ್ಲಿ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಕೃತಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಹಾಳೆಯ ಮೇಲಿನ ಮನುಷ್ಯನಿಗೆ ಜೀವ ಬರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ದೂರ ಹೋಗಬೇಕಾಗಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡಕ್ಕೆ ತಂದ ಗದ್ಯಕಥನಗಳಲ್ಲಿ ಜಾನ್ ಬನ್ಯನನ ‘ಯಾತ್ರಿಕನ ಸಂಚಾರ’ ಮುಖ್ಯವಾದುದು. ಅದರ ಪಾತ್ರಗಳಿಗೆ ಗುಣವೇ ಹೆಸರು: ಒಬ್ಬ ನಿಷ್ಠಾವಂತ, ಇನ್ನೊಬ್ಬ ಹಠಮಾರಿ, ಮತ್ತೊಬ್ಬ ಆಶಾವಂತ. ಹೆಸರು ಕೇಳಿದೊಡನೆ ಅವನು ಏನು ಮಾಡುವನೆಂಬುದು ತಿಳಿಯುತ್ತದೆ. ಧ್ಯಾನಕ್ಕೆ ಇದು ಉತ್ತಮ ಸಾಧನ. ಆದರೆ ಅಂಥ ವ್ಯಕ್ತಿಯನ್ನು ನಾವು ಸಂತೆಯಲ್ಲಿ ಕಾಣಲಾರೆವು.

1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯವು’ ಎಂಬ ಇನ್ನೊಂದು ಹೆಸರೂ ಉಂಟು. ಆ ಹೆಸರಿನಲ್ಲಿ ಹಳೆಯ ನೀತಿಕಥೆಯ ನೆರಳಿದೆ. ಆದರೆ ಪೋಲೀಸ್ ಅಧಿಕಾರಿಯಾಗಿದ್ದ ಲೇಖಕರಿಗೆ ಲಂಚ, ಸುಳ್ಳು ಸಾಕ್ಷಿ, ಸಂತರ ವೇಷದ ವಂಚನೆ ಇವೆಲ್ಲ ಕಣ್ಣಾರೆ ಕಂಡ ಲೋಕದ ಸಂಗತಿಗಳು. ಬಾಲವಿಧವೆ ಇಂದಿರೆ ಹೆತ್ತವರು ತನ್ನನ್ನು ಕಪಟ ಸಂತರ ಸೇವೆಗೆ ಒಡ್ಡಲು ಮುಂದಾದಾಗ ಮನೆ ಬಿಟ್ಟು ಅಮೃತರಾಯನ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ವಿವಾಹವಾಗುತ್ತಾಳೆ. ಅವಳ ಗುಣವನ್ನು ಲೇಖಕರು ಎಷ್ಟೇ ಹೊಗಳಲಿ, ನಮಗೆ ಅವಳು ನಿಜವಾಗಿ ಪರಿಚಯವಾಗುವುದು ಹೊಸ್ತಿಲು ದಾಟಿದ ಆ ಗಳಿಗೆಯಲ್ಲಿ. ಜಿಲ್ಲೆಯ ಆಂಗ್ಲ ಅಧಿಕಾರಿ ಕೌಚ್‌ಮನ್ ಅವರು 1903ರಲ್ಲಿಯೇ ಇದನ್ನು ಇಂಗ್ಲಿಷಿಗೆ ತಂದರೆಂಬುದು ಗಮನಾರ್ಹ.

ಪಂಜೆಯವರನ್ನು ನಾವು ಮಕ್ಕಳ ಪದ್ಯಗಳ ಮೂಲಕ ಬಲ್ಲೆವು. 1900ರ ಸುಮಾರಿಗೆ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಬಂದ ಅವರ ‘ನನ್ನ ಚಿಕ್ಕತಾಯಿ’ ಮುಂತಾದ ಕಥೆಗಳು ಕನ್ನಡ ಸಣ್ಣಕಥೆಯ ಆರಂಭಕ್ಕೆ ಸೇರಿದವು. ಆ ಶೀರ್ಷಿಕೆಯನ್ನೇ ನೋಡಿರಿ: ರಾಜನಿಲ್ಲ, ಋಷಿಯಿಲ್ಲ, ಸದ್ಗುಣದ ಹೆಸರೂ ಇಲ್ಲ. ಮನೆಯೊಳಗಿನ ಒಂದು ಸಂಬಂಧವೇ ಕಥೆಗೆ ಸಾಕೆಂದು ಬಂಟ್ವಾಳದ ಈ ಮೇಷ್ಟ್ರು ಕಂಡುಕೊಂಡಿದ್ದರು.

ಇನ್ನು ಚೋಮ. 1933ರಲ್ಲಿ ಪ್ರಕಟವಾದ ಕಾರಂತರ ‘ಚೋಮನ ದುಡಿ’ಯನ್ನು ಕ್ರೈಸ್ತ ಓದುಗರು ಕೊಂಚ ಅಳುಕಿನಿಂದಲೇ ಓದುತ್ತಾರೆ. ಚೋಮ ಅಸ್ಪೃಶ್ಯ ಜಾತಿಯ ಜೀತದಾಳು. ತನ್ನದೆನ್ನುವ ತುಂಡು ಗದ್ದೆಯನ್ನು ಉಳಬೇಕೆಂಬುದು ಅವನ ಬಾಳಿನ ಏಕೈಕ ಆಸೆ. ಎತ್ತುಗಳಿವೆ, ನೆಲವಿಲ್ಲ; ಜಾತಿಯ ಕಟ್ಟಳೆ ಬೇಸಾಯಕ್ಕೆ ಅಡ್ಡ ನಿಂತಿದೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಜ್ವರದಿಂದ ಸಾಯುತ್ತಾನೆ. ಗುರುವ ಕ್ರೈಸ್ತ ಹುಡುಗಿಯನ್ನು ವರಿಸಿ ಮತಾಂತರಗೊಳ್ಳುತ್ತಾನೆ. ಕ್ರೈಸ್ತನಾದರೆ ಗದ್ದೆ ದೊರೆಯುವುದೆಂಬ ಆಸೆ ಚೋಮನನ್ನೂ ಮಿಶನ್ನಿನ ಕಡೆಗೆ ಸೆಳೆಯುತ್ತದೆ. ಆದರೆ ಪಂಜುರ್ಲಿ ದೈವದ ಮೇಲಿನ ನಂಬಿಕೆ ಅವನನ್ನು ಹಿಂದಕ್ಕೆ ಎಳೆಯುತ್ತದೆ. ಅವನು ಮರಳಿಬಿಡುತ್ತಾನೆ.

ಇಲ್ಲಿಯೇ ಕಾದಂಬರಿಕಾರರ ಶಕ್ತಿಯಿದೆ. ಪ್ರಚಾರಕ್ಕೆ ಬರೆಯುವವನಾಗಿದ್ದರೆ ಚೋಮನನ್ನು ದೇವಾಲಯದ ಒಳಗೆ ಸೇರಿಸುತ್ತಿದ್ದ, ಇಲ್ಲವೇ ಮಿಶನ್ನಿನವರನ್ನು ಕೇಡಿಗರನ್ನಾಗಿಸುತ್ತಿದ್ದ. ಕಾರಂತರು ಚೋಮನ ಎದೆಯಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಇರಿಸಿದರು. ಗದ್ದೆ ಬೇಕೆಂಬುದು ನಿಜ, ದೈವವನ್ನು ಬಿಡಲಾರನೆಂಬುದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನು ಕಿತ್ತರೆ ಚೋಮ ಬನ್ಯನನ ಪಾತ್ರಗಳಂತೆ ಒಂದೇ ಗುಣದ ಹೆಸರಾಗಿ ಉಳಿಯುತ್ತಿದ್ದ. ಮಾತಿಗೆ ಸಿಗದ ದುಃಖಕ್ಕೆ ಅವನಿಗೆ ದುಡಿಯಿದೆ. ಅವನು ಅಳುವುದಕ್ಕಿಂತ ಹೆಚ್ಚಾಗಿ ಬಾರಿಸುತ್ತಾನೆ. ಮಗ ನೀಲ ನೀರಲ್ಲಿ ಮುಳುಗುವಾಗ ಮುಟ್ಟಬಾರದೆಂಬ ಕಾರಣಕ್ಕೆ ಯಾರೂ ಎತ್ತುವುದಿಲ್ಲ. ಕೊನೆಗೆ ಚೋಮ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ಸಂತ ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ದುಂದುಗಾರ ಮಗನ ಅಣ್ಣನೂ ಇಂಥ ಪಾತ್ರವೇ. ಆ ಸಾಮತಿಯಲ್ಲಿ ಯಾರಿಗೂ ಹೆಸರಿಲ್ಲ. ಆದರೆ ಗೆಳೆಯರೊಡನೆ ಉಣ್ಣಲು ಒಂದು ಆಡಿನ ಮರಿಯೂ ತನಗೆ ದೊರೆಯಲಿಲ್ಲವೆಂಬ ಅವನ ದೂರು ಸಾಕು. ನಮ್ಮ ಮನೆಗಳಲ್ಲಿ ಪಾಲಿನ ಮಾತು ಬಂದಾಗ ಕೇಳಿಬರುವ ದನಿ ಅದು. ಅವನು ಒಳಗೆ ಹೋದನೋ ಇಲ್ಲವೋ, ಪ್ರಭು ಹೇಳಲಿಲ್ಲ.

ಚೋಮನ ಮಗಳು ಬೆಳ್ಳಿಯನ್ನು ಮರುಳುಗೊಳಿಸುವ ತೋಟದ ಮನ್ವೇಲ ಕ್ರೈಸ್ತನೆಂಬುದು ನಮ್ಮ ಅಳುಕಿಗೆ ಮತ್ತೊಂದು ಕಾರಣ. ಹಾಗೆ ಬರೆಯಬಾರದಿತ್ತೆಂದು ನಾನು ಹೇಳಲಾರೆ. ಅಂಥವರು ನಮ್ಮಲ್ಲಿಯೂ ಉಂಟು. ನನ್ನ ಆಕ್ಷೇಪ ಬೇರೆ. ಚೋಮನಿಗೆ ದೊರೆತ ಒಳಮನಸ್ಸು ಮನ್ವೇಲನಿಗೆ ದೊರೆಯಲಿಲ್ಲ. ಅವನಿಗೆ ಏನು ಬೇಕೆಂಬುದು ತಿಳಿಯುತ್ತದೆ, ಅವನು ಯಾವುದಕ್ಕೆ ಅಂಜುತ್ತಾನೆಂಬುದು ತಿಳಿಯುವುದಿಲ್ಲ. ದೊಡ್ಡ ಲೇಖಕರ ಕೃತಿಯಲ್ಲಿಯೂ ಎಲ್ಲ ಪಾತ್ರಗಳಿಗೆ ಸಮನಾಗಿ ಉಸಿರು ಸಿಗದು.

ಬಿ.ವಿ. ಕಾರಂತರ ನಿರ್ದೇಶನದಲ್ಲಿ ಇದು 1975ರಲ್ಲಿ ಚಲನಚಿತ್ರವಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಂದಿತು. ಅದಕ್ಕಿಂತ ಒಂದು ವರ್ಷ ಮುಂಚೆ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಿತ್ತು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಚಾಲಗೇಣಿಯ ಭೂಮಿಗೆ ಡಿಕ್ಲರೇಶನ್ ಹಾಕಿ ಒಡೆತನ ಪಡೆದದ್ದು ಆಗಲೇ. ಚೋಮ ಅಂದು ಬದುಕಿದ್ದರೂ ಅವನಿಗೆ ಗದ್ದೆ ದೊರೆಯುತ್ತಿತ್ತೆಂದು ಹೇಳುವುದು ಕಷ್ಟ. ಕಾನೂನು ಕೈಹಿಡಿದದ್ದು ಗೇಣಿದಾರನನ್ನು, ಚೋಮ ಆಳಾಗಿದ್ದವನು.