ಕೊಡಗಿನ ವಿಲೀನವೂ 1952ರ ಜನಮತವೂ

ಸಣ್ಣ ನಾಡೊಂದು ದೊಡ್ಡ ರಾಜ್ಯದಲ್ಲಿ ಸೇರುವಾಗ ಪ್ರಜೆಗಳ ಸಮ್ಮತಿ ಇದ್ದಿತೇ ಎಂಬ ವಿಚಾರವು ಕೊಡಗಿನ ಚರಿತ್ರೆಯಲ್ಲಿ ಎರಡಾವರ್ತಿ ಎದ್ದಿರುತ್ತದೆ. ಚಿಕ್ಕವೀರರಾಜೇಂದ್ರನು ಪದಚ್ಯುತನಾದ ಬಳಿಕ, 1834ನೆಯ ಮೇ 7ರಂದು ಕರ್ನಲ್ ಫ್ರೇಸರನು ಹೊರಡಿಸಿದ ಘೋಷಣೆಯಲ್ಲಿ, ಕಂಪನಿಯ ಆಶ್ರಯಕ್ಕೆ ಬರುವುದು ಕೊಡಗಿನ ನಿವಾಸಿಗಳೆಲ್ಲರ ಏಕಾಭಿಪ್ರಾಯವೆಂದು ಹೇಳಿದೆ. ಜನರನ್ನು ಕೇಳಿ ಎಣಿಸಿದ ಲೆಕ್ಕವೇನೂ ಅದರ ಹಿಂದಿರಲಿಲ್ಲ. ಮೂರು ವರ್ಷಗಳೊಳಗೆ, 1837ರಲ್ಲಿ, ಅಮರಸುಳ್ಯದ ದಂಗೆಯು ನಡೆದುದನ್ನು ನೋಡಿದರೆ ಆ ಏಕಾಭಿಪ್ರಾಯದ ಬೆಲೆಯು ತಿಳಿಯುತ್ತದೆ.

ಎರಡನೆಯದು ಇಷ್ಟು ಸರಳವಲ್ಲ. 1881ರಿಂದ 1940ರವರೆಗೆ ಬೆಂಗಳೂರಿನಲ್ಲಿದ್ದ ಮೈಸೂರು ರೆಸಿಡೆಂಟನೇ ಕೊಡಗಿಗೂ ಮುಖ್ಯಾಧಿಕಾರಿಯಾಗಿದ್ದನು; ಹೀಗಾಗಿ ಮೈಸೂರಿನ ಸಂಬಂಧವು ಹೊಸತಲ್ಲ. 1950ರಲ್ಲಿ ಸಂವಿಧಾನವು ಕೊಡಗನ್ನು 'ಸಿ' ವರ್ಗದ ಪ್ರತ್ಯೇಕ ರಾಜ್ಯವನ್ನಾಗಿ ಮಾಡಿತು. 1952ರ ಚುನಾವಣೆಯಲ್ಲಿ ಸಿ. ಎಂ. ಪೂಣಚ್ಚನವರ ನಾಯಕತ್ವದ ಕಾಂಗ್ರೆಸ್ಸು ಮೈಸೂರಿನೊಡನೆ ವಿಲೀನವನ್ನು ಬೆಂಬಲಿಸಿತು. ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷವು ವಿರೋಧಿಸಿತು. ಬೆಳ್ಯಪ್ಪನವರು ಕೊಡಗಿನ ಗಾಂಧಿಯೆಂದು ಹೆಸರಾದವರು. ಆದುದರಿಂದ ಈ ವಿರೋಧವನ್ನು ರಾಷ್ಟ್ರೀಯಭಾವದ ಅಭಾವವೆಂದು ಎಣಿಸುವುದು ತಪ್ಪು. ಇಪ್ಪತ್ತನಾಲ್ಕು ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ತಕ್ಕಡಿಯವರಿಗೆ 9 ದೊರೆತುವು. ಪೂಣಚ್ಚನವರು ಮುಖ್ಯಮಂತ್ರಿಗಳಾದರು.

ಈ ಫಲಿತಾಂಶವು ವಿಲೀನಕ್ಕೆ ಪ್ರಜೆಗಳಿತ್ತ ಅಪ್ಪಣೆಯೇ? ಅಲ್ಲವೆಂಬ ಪೂರ್ವಪಕ್ಷವು ಬಲವಾದದ್ದು. ನ್ಯೂಫೌಂಡ್‌ಲೆಂಡಿನಲ್ಲಿ 1948ರ ಜುಲೈ 22ರಂದು ಕೆನಡದೊಡನೆ ಸೇರುವುದೋ ಪ್ರತ್ಯೇಕ ಜವಾಬ್ದಾರಿ ಸರಕಾರವೋ ಎಂದು ಜನರನ್ನು ನೇರವಾಗಿಯೇ ಕೇಳಲಾಯಿತು. 78,323 ಮತಗಳು ಸೇರಲೆಂದೂ 71,334 ಮತಗಳು ಬೇಡವೆಂದೂ ಬಿದ್ದುವು. ಅಲ್ಲಿಯದು ಶಬ್ದಪ್ರಮಾಣ. ಕೊಡಗಿನ ಮತದಾರನಾದರೋ ಅಭ್ಯರ್ಥಿಯನ್ನು ಆರಿಸಿದನು. ಅವನ ಮನಸ್ಸಿನಲ್ಲಿ ವಿಲೀನವಿದ್ದಿತೋ, ಪಕ್ಷದ ಕೀರ್ತಿಯಿದ್ದಿತೋ, ಊರಿನ ಪರಿಚಯವಿದ್ದಿತೋ, ಮತಪತ್ರದಿಂದ ತಿಳಿಯಲಾಗದು. ಆದರೆ ವಿಲೀನವನ್ನೇ ಚುನಾವಣೆಯ ವಿವಾದವಸ್ತುವನ್ನಾಗಿ ಮಾಡಿದವರಲ್ಲಿ ವಿರೋಧಪಕ್ಷದವರೂ ಸೇರಿದ್ದರು. ತಾವೇ ಮುಂದಿಟ್ಟ ಪ್ರಶ್ನೆಗೆ ಬಂದ ಉತ್ತರವನ್ನು ಪ್ರಶ್ನೆಯೇ ಇರಲಿಲ್ಲವೆಂದು ತಳ್ಳಿಹಾಕುವುದು ಯುಕ್ತವಾಗಿ ಕಾಣುವುದಿಲ್ಲ. ಸಮ್ಮತಿಯು ಇಲ್ಲಿ ಅನುಮಾನದಿಂದ ಸಿದ್ಧವಾಗುತ್ತದೆ. 1834ರಲ್ಲಿ ಅನುಮಾನಕ್ಕೂ ಹೇತುವಿರಲಿಲ್ಲ. ಒಂಬತ್ತು ಸ್ಥಾನಗಳ ಭಿನ್ನಾಭಿಪ್ರಾಯವು ಲೆಕ್ಕಕ್ಕೆ ಬಂದುದೇ ಈ ಎರಡನೆಯ ಸಾಕ್ಷ್ಯದ ಗೌರವ.

ಇದಕ್ಕಿಂತ ಗಮನಾರ್ಹವಾದ ಸಂಗತಿಯೊಂದನ್ನು ಈ ವಿಷಯವನ್ನು ಚರ್ಚಿಸುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಸಂವಿಧಾನದ ಮೂರನೆಯ ಅನುಚ್ಛೇದವು ಅಂದು ಇದ್ದಂತೆ, ಮೇರೆಗಳನ್ನು ಬದಲಿಸುವ ಮುನ್ನ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವು 'ಎ' ಮತ್ತು 'ಬಿ' ವರ್ಗದ ರಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಮೈಸೂರು 'ಬಿ' ವರ್ಗದ್ದು, ಅದನ್ನು ಕೇಳಲೇಬೇಕಾಗಿದ್ದಿತು. ಕೊಡಗನ್ನು ಕೇಳಬೇಕೆಂಬ ನಿರ್ಬಂಧವಿರಲಿಲ್ಲ. 1955ರ ಐದನೆಯ ತಿದ್ದುಪಡಿಯೂ ಈ ಭೇದವನ್ನು ಉಳಿಸಿತು; 1956ರ ಏಳನೆಯ ತಿದ್ದುಪಡಿಯು ಅದನ್ನು ತೆಗೆದುಹಾಕುವ ವೇಳೆಗೆ ಕೊಡಗು ರಾಜ್ಯವೇ ಇರಲಿಲ್ಲ. ಸೇರಿಸಿಕೊಳ್ಳುವವನ ಅಭಿಪ್ರಾಯವು ವಿಧಿ, ಸೇರುವವನದು ಐಚ್ಛಿಕ ಎಂಬಂತಾಯಿತು. ಹೀಗಿರುವಲ್ಲಿ, ಸೇರುವ ಜನರ ಸಮ್ಮತಿಗೆ 1952ರ ಚುನಾವಣೆಗಿಂತ ಹೆಚ್ಚಿನ ಆಧಾರವನ್ನು ಕಾನೂನಿನಲ್ಲಿ ಹುಡುಕಿ ಫಲವಿಲ್ಲ.

1956ರ ರಾಜ್ಯಗಳ ಪುನರ್ವಿಂಗಡಣಾ ಶಾಸನದಂತೆ ಆ ವರ್ಷದ ನವೆಂಬರ್ 1ರಂದು ಕೊಡಗು ಹೊಸ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಇಪ್ಪತ್ತನಾಲ್ವರು ಸದಸ್ಯರ ಸಭೆಯು ಅಂದಿಗೆ ಮುಗಿಯಿತು. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಆ ಜಿಲ್ಲೆಗೆ ಈಗ ಇರುವುವು ಎರಡು, ಮಡಿಕೇರಿ ಮತ್ತು ವಿರಾಜಪೇಟೆ.