ಟ್ಯಾಂಕಿಗಿಂತ ಮುಂಚೆ ಹೊರಡುವ ಸುದ್ದಿ

1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರವೊಂದು ಅಚ್ಚಾಯಿತು. ಬರೆದವರು ಅಮೆರಿಕದ ಪ್ರಸಿದ್ಧ ವಿಜ್ಞಾನಿಯಂತೆ. ಏಡ್ಸ್ ರೋಗಾಣುವನ್ನು ಅಮೆರಿಕದ ಸೇನೆಯೇ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದಲ್ಲಿ ಹುಟ್ಟುಹಾಕಿತು ಎಂಬುದು ಪತ್ರದ ಸಾರ. ಎರಡು ವರ್ಷ ಅದರ ಬಗ್ಗೆ ಹೆಚ್ಚು ಸದ್ದಾಗಲಿಲ್ಲ. 1985ರ ಅಕ್ಟೋಬರಿನಲ್ಲಿ ಮಾಸ್ಕೋದ ‘ಲಿಟರಟುರ್ನಾಯಾ ಗಜೆಟಾ’ ಇದೇ ಭಾರತೀಯ ಪತ್ರಿಕೆಯನ್ನು ಆಧಾರವಾಗಿ ತೋರಿಸಿ ಕತೆಗೆ ಮತ್ತೆ ಜೀವ ಕೊಟ್ಟಿತು. ಪೂರ್ವ ಜರ್ಮನಿಯ ವಿಜ್ಞಾನಿ ಯಾಕೋಬ್ ಸೇಗಲ್ ಅದಕ್ಕೆ ಶಾಸ್ತ್ರದ ವೇಷ ತೊಡಿಸಿದರು. ಮುಂದೆ ಅದು ಹತ್ತಾರು ದೇಶ ಸುತ್ತಿತು. ಇದರ ಹಿಂದೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇತ್ತೆಂಬುದನ್ನು 1992ರಲ್ಲಿ ರಷ್ಯಾದ ವಿದೇಶ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಒಪ್ಪಿಕೊಂಡರು.

ಗುಪ್ತಚರರ ಈ ಕೆಲಸಕ್ಕೆ ಜೊತೆಯಾಗಿ ಸೇನೆಯಲ್ಲೂ ಒಂದು ಪರಂಪರೆ ಬೆಳೆದಿತ್ತು. ಶತ್ರುವಿನ ಕಣ್ಣಿಗೆ ಮಣ್ಣೆರಚುವ ಕಲೆಯನ್ನು ಸೋವಿಯತ್ ಸೇನೆ ‘ಮಸ್ಕಿರೋವ್ಕಾ’ ಎಂಬ ಹೆಸರಿನಲ್ಲಿ ತನ್ನ ಅಧಿಕಾರಿಗಳಿಗೆ ಪಾಠವಾಗಿಯೇ ಕಲಿಸುತ್ತಿತ್ತು. 1944ರ ಬೇಸಿಗೆಯಲ್ಲಿ ದೊಡ್ಡ ದಾಳಿ ಉಕ್ರೇನ್ ಕಡೆಯಿಂದ ಬರುತ್ತದೆಂದು ನಂಬಿದ ಜರ್ಮನ್ನರು ತಮ್ಮ ಟ್ಯಾಂಕ್ ಪಡೆಗಳನ್ನು ಅಲ್ಲೇ ನಿಲ್ಲಿಸಿಕೊಂಡರು. ದಾಳಿ ಬಂದದ್ದು ಬೆಲರೂಸ್‌ನಲ್ಲಿ. ಕೆಲವೇ ವಾರಗಳಲ್ಲಿ ಅವರ ಮಧ್ಯ ಸೇನಾ ಸಮೂಹ ಛಿದ್ರವಾಯಿತು.

1960ರ ದಶಕದಲ್ಲಿ ಗಣಿತ ಮತ್ತು ಮನಶ್ಶಾಸ್ತ್ರ ಎರಡರಲ್ಲೂ ಪಳಗಿದ್ದ ವ್ಲಾದಿಮಿರ್ ಲೆಫೆವ್ರ್ ಈ ಅನುಭವಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಎದುರಾಳಿ ಯಾವ ಆಧಾರದ ಮೇಲೆ ತೀರ್ಮಾನ ಮಾಡುತ್ತಾನೋ ಆ ಆಧಾರವನ್ನೇ ಅವನ ಕೈಗಿತ್ತರೆ, ನಮಗೆ ಬೇಕಾದ ತೀರ್ಮಾನವನ್ನು ಅವನು ತನ್ನದೆಂದೇ ನಂಬಿ ಮಾಡುತ್ತಾನೆ ಎಂಬುದು ಅವರ ವಾದ. ಲೆಫೆವ್ರ್ 1974ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಸಿದ್ಧಾಂತ ಮಾತ್ರ ಸೋವಿಯತ್ ಸೇನಾ ಚಿಂತನೆಯಲ್ಲಿ ಉಳಿಯಿತು.

ಮುಂದಿನ ಪಾಠ ಸೋಲಿನಿಂದ ಬಂತು. 1994–96ರ ಮೊದಲ ಚೆಚೆನ್ ಯುದ್ಧದಲ್ಲಿ ಪತ್ರಕರ್ತರು ಎರಡೂ ಕಡೆ ಸಾಕಷ್ಟು ಮುಕ್ತವಾಗಿ ಓಡಾಡಿದರು. ಚೆಚೆನ್ ರಾಜಧಾನಿ ಗ್ರೋಜ್ನಿಯ ಬೀದಿಗಳಲ್ಲಿ ಬಿದ್ದ ರಷ್ಯನ್ ಸೈನಿಕರ ಹೆಣಗಳನ್ನು ಖಾಸಗಿ ವಾಹಿನಿ ಎನ್‌ಟಿವಿ ಮನೆಮನೆಗೆ ತೋರಿಸಿತು. ಚೆಚೆನ್ನರ ಪ್ರಚಾರದ ಹೊಣೆ ಹೊತ್ತ ಮೊವ್ಲಾದಿ ಉದುಗೋವ್ ಮಾಸ್ಕೋದ ವಕ್ತಾರರಿಗಿಂತ ಚುರುಕಾಗಿದ್ದರು. ಯುದ್ಧವನ್ನು ತಾವು ಪರದೆಯ ಮೇಲೆ ಸೋತೆವು ಎಂದು ಅನೇಕ ಜನರಲ್‌ಗಳು ನಂಬಿದರು. 1999ರಲ್ಲಿ ಎರಡನೇ ಯುದ್ಧ ಶುರುವಾದಾಗ ವರದಿಗಾರರಿಗೆ ಪರವಾನಗಿ, ಬೆಂಗಾವಲು, ಸಿದ್ಧ ಹೇಳಿಕೆಗಳ ವ್ಯವಸ್ಥೆ ಬಂತು. 2000ರ ಸೆಪ್ಟೆಂಬರಿನಲ್ಲಿ ಪುಟಿನ್ ಮಾಹಿತಿ ಭದ್ರತಾ ನೀತಿಗೆ ಸಹಿ ಹಾಕಿದರು. 2001ರ ಏಪ್ರಿಲ್‌ನಲ್ಲಿ ಎನ್‌ಟಿವಿ ಸರ್ಕಾರಿ ಹಿಡಿತದ ಅನಿಲ ಕಂಪನಿ ಗ್ಯಾಜ್‌ಪ್ರೋಮ್ ವಶವಾಯಿತು.

2008ರ ಆಗಸ್ಟಿನ ಜಾರ್ಜಿಯಾ ಯುದ್ಧವನ್ನು ರಷ್ಯಾ ಐದು ದಿನಗಳಲ್ಲಿ ಗೆದ್ದಿತು. ಜಾರ್ಜಿಯಾದ ಸರ್ಕಾರಿ ಜಾಲತಾಣಗಳು ದಾಳಿಗೆ ಸಿಕ್ಕಿ ಸ್ತಬ್ಧವಾದವು. ಆದರೂ ಪಶ್ಚಿಮದ ಟಿ.ವಿ.ಗಳಲ್ಲಿ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡಿದ ಅಧ್ಯಕ್ಷ ಸಾಕಾಶ್ವಿಲಿಯ ಮುಂದೆ ರಷ್ಯಾದ ವಾದ ಮಂಕಾಯಿತು. 2005ರಲ್ಲಿ ಶುರುವಾಗಿದ್ದ ‘ರಷ್ಯಾ ಟುಡೇ’ ವಾಹಿನಿ ಯುದ್ಧದ ಮರುವರ್ಷವೇ ‘ಆರ್‌ಟಿ’ ಎಂದು ಹೆಸರು ಬದಲಿಸಿಕೊಂಡು, ರಷ್ಯಾವನ್ನು ಹೊಗಳುವುದಕ್ಕಿಂತ ಪಶ್ಚಿಮವನ್ನು ಪ್ರಶ್ನಿಸುವುದನ್ನೇ ಮುಖ್ಯ ಕಸುಬಾಗಿಸಿಕೊಂಡಿತು.

2013ರ ಫೆಬ್ರುವರಿಯಲ್ಲಿ ಸೇನಾ ಮುಖ್ಯಸ್ಥ ವಲೇರಿ ಗೆರಾಸಿಮೋವ್ ಒಂದು ರಕ್ಷಣಾ ವಾರಪತ್ರಿಕೆಗೆ ಲೇಖನ ಬರೆದರು. ಅರಬ್ ದೇಶಗಳ ದಂಗೆಗಳನ್ನು ಉದಾಹರಿಸಿ, ಇಂದಿನ ಸಂಘರ್ಷದಲ್ಲಿ ಸೇನೆಯ ಪಾಲು ಒಂದಾದರೆ ರಾಜಕೀಯ, ಆರ್ಥಿಕ, ಮಾಹಿತಿ ಸಾಧನಗಳ ಪಾಲು ನಾಲ್ಕು ಎಂದು ವಿವರಿಸಿದರು. ಅವರ ಕಣ್ಣಿನಲ್ಲಿ ಇದು ಪಶ್ಚಿಮ ದೇಶಗಳು ಆಡುತ್ತಿದ್ದ ಆಟ. ವರ್ಷ ಕಳೆದ ಮೇಲೆ ಬ್ರಿಟಿಷ್ ವಿಶ್ಲೇಷಕ ಮಾರ್ಕ್ ಗ್ಯಾಲಿಯೊಟ್ಟಿ ಇದಕ್ಕೆ ‘ಗೆರಾಸಿಮೋವ್ ಸಿದ್ಧಾಂತ’ ಎಂಬ ಹೆಸರಿಟ್ಟರು. ಅಂಥ ಸಿದ್ಧಾಂತವೇ ಇರಲಿಲ್ಲ ಎಂದು 2018ರಲ್ಲಿ ಅವರೇ ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಹೆಸರು ನೇಟೋ ಸಭೆಗಳವರೆಗೂ ಹೋಗಿಯಾಗಿತ್ತು.

ಆ ಹೆಸರಿಗೆ ಬಲ ಕೊಟ್ಟದ್ದು ಉಕ್ರೇನಿನ ಕ್ರಿಮಿಯಾ. 2014ರ ಫೆಬ್ರುವರಿ 27ರಂದು ಗುರುತಿನ ಚಿಹ್ನೆಯಿಲ್ಲದ ಹಸಿರು ಸಮವಸ್ತ್ರದವರು ಸಿಮ್ಫೆರೊಪೋಲ್‌ನ ಸಂಸತ್ ಭವನ ಹಿಡಿದರು. ಅವರು ಸ್ಥಳೀಯ ರಕ್ಷಣಾ ಪಡೆಯವರು ಎಂದು ಮಾರ್ಚ್ 4ರಂದು ಹೇಳಿದ್ದ ಪುಟಿನ್, ಏಪ್ರಿಲ್‌ನಲ್ಲಿ ರಷ್ಯಾದ ಸೈನಿಕರ ಪಾತ್ರವನ್ನು ಒಪ್ಪಿದರು. ನಡುವೆ ಜನಮತಗಣನೆ ಮುಗಿದು ಕ್ರಿಮಿಯಾ ರಷ್ಯಾಕ್ಕೆ ಸೇರಿತ್ತು. ಈ ಗೆಲುವಿನ ವಿಶೇಷ ಅನುಕೂಲಗಳನ್ನು ಬಹಳಷ್ಟು ಜನ ಮರೆತರು: ಕಪ್ಪು ಸಮುದ್ರದ ನೌಕಾಪಡೆ ಅಲ್ಲೇ ನೆಲೆಸಿತ್ತು, ನಿವಾಸಿಗಳಲ್ಲಿ ರಷ್ಯನ್ನರೇ ಹೆಚ್ಚಿದ್ದರು, ಉಕ್ರೇನಿನ ಅಧ್ಯಕ್ಷ ಯನುಕೋವಿಚ್ ಓಡಿಹೋಗಿ ಕೀವ್‌ನಲ್ಲಿ ಆಡಳಿತ ಅಸ್ತವ್ಯಸ್ತವಾಗಿತ್ತು. ಅದೇ ತಂತ್ರ ಪೂರ್ವ ಉಕ್ರೇನಿನ ಡಾನ್‌ಬಾಸ್‌ನಲ್ಲಿ ಸಾಲಲಿಲ್ಲ. ಆಗಸ್ಟ್ ಹೊತ್ತಿಗೆ ರಷ್ಯಾದ ಸೈನ್ಯವೇ ಇಳಿಯಬೇಕಾಯಿತು.

ಆ ವರ್ಷ ಜುಲೈ 17ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಅಲ್ಲೇ ಉರುಳಿ 298 ಜನ ಸತ್ತಾಗ ಇನ್ನೊಂದು ವರಸೆ ಕಂಡಿತು. ಉಕ್ರೇನಿನ ಯುದ್ಧವಿಮಾನ ಹೊಡೆಯಿತು, ಇಲ್ಲ, ಉಕ್ರೇನಿನ ಕ್ಷಿಪಣಿ ಹೊಡೆಯಿತು ಎಂದು ಒಂದಕ್ಕೊಂದು ಹೊಂದದ ಕತೆಗಳನ್ನು ರಷ್ಯಾ ಹರಿಯಬಿಟ್ಟಿತು. ಒಂದನ್ನು ನಂಬಿಸುವ ಅಗತ್ಯವಿರಲಿಲ್ಲ, ಓದುಗನಿಗೆ ಸುಸ್ತಾದರೆ ಸಾಕಿತ್ತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯೆವ್ಗೆನಿ ಪ್ರಿಗೋಜಿನ್ ಕಟ್ಟಿದ ‘ಇಂಟರ್ನೆಟ್ ರಿಸರ್ಚ್ ಏಜೆನ್ಸಿ’ 2016ರ ಅಮೆರಿಕದ ಚುನಾವಣೆಯ ಹೊತ್ತಿಗೆ ನಕಲಿ ಖಾತೆಗಳ ಮೂಲಕ ಅಮೆರಿಕನ್ನರ ಜಗಳಗಳಿಗೆ ತುಪ್ಪ ಸುರಿಯಿತು. ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯು ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳನ್ನು ಕದ್ದು ಬಯಲಿಗಿಟ್ಟಿತು.

2022ರಲ್ಲಿ ಲೆಕ್ಕ ತಲೆಕೆಳಗಾಯಿತು. ಉಕ್ರೇನ್ ಮೇಲಿನ ದಾಳಿಯ ಸಿದ್ಧತೆಯನ್ನು ವಾಷಿಂಗ್ಟನ್ ವಾರಗಟ್ಟಲೆ ಮೊದಲೇ ಬಹಿರಂಗಪಡಿಸುತ್ತ ಹೋದದ್ದರಿಂದ ನೆಪಗಳು ಹುಟ್ಟುವ ಮುಂಚೆಯೇ ಹಳಸಿದವು. ಫೆಬ್ರುವರಿ 25ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಕೀವ್‌ನ ಬೀದಿಯಲ್ಲಿ ನಿಂತು ತಾವು ಇಲ್ಲೇ ಇದ್ದೇವೆಂದು ಮೊಬೈಲಿನಲ್ಲಿ ಚಿತ್ರಿಸಿ ತೋರಿಸಿದರು. ಮರುದಿನ ರಷ್ಯಾದ ಸರ್ಕಾರಿ ಸುದ್ದಿಸಂಸ್ಥೆ ರಿಯಾ ನೊವೊಸ್ತಿಯ ತಾಣದಲ್ಲಿ, ಉಕ್ರೇನ್ ರಷ್ಯಾಕ್ಕೆ ಮರಳಿ ಬಂದಿದೆಯೆಂದು ಸಂಭ್ರಮಿಸುವ ಲೇಖನ ಕಾಣಿಸಿಕೊಂಡು ಮಾಯವಾಯಿತು. ಉಕ್ರೇನ್ ಕೂಡ ಕತೆ ಕಟ್ಟದೆ ಇರಲಿಲ್ಲ. ಹಲವು ರಷ್ಯನ್ ವಿಮಾನಗಳನ್ನು ಉರುಳಿಸಿದನೆಂದು ಹೆಸರಾದ ‘ಕೀವ್‌ನ ಭೂತ’ ಬರೀ ದಂತಕತೆ ಎಂದು ಅದರ ವಾಯುಪಡೆಯೇ ನಂತರ ಹೇಳಿತು.

ಈ ಸಮರದ ಒಂದು ಎಳೆ ಭಾರತಕ್ಕೂ ತಾಗಿತು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮರುದಿನವೇ ರಷ್ಯಾದ ರಕ್ಷಣಾ ಸಚಿವಾಲಯ, ಅಲ್ಲಿನ ಭಾರತೀಯ ವಿದ್ಯಾರ್ಥಿಗಳನ್ನು ಉಕ್ರೇನ್ ಪಡೆಗಳು ಒತ್ತೆಯಿಟ್ಟುಕೊಂಡಿವೆ ಎಂದು ಘೋಷಿಸಿತು. ಯಾವ ವಿದ್ಯಾರ್ಥಿಯೂ ಒತ್ತೆಯಲ್ಲಿರುವ ವರದಿ ತನಗೆ ಬಂದಿಲ್ಲವೆಂದು ಭಾರತದ ವಿದೇಶಾಂಗ ಸಚಿವಾಲಯ ಮಾರ್ಚ್ 3ರಂದು ತಳ್ಳಿಹಾಕಿತು.

ಹೊರಗಿನವರಿಗೆಂದು ಹೆಣೆದ ಬಲೆ ಕ್ರಮೇಣ ಹೆಣೆದವರನ್ನೇ ಸುತ್ತಿಕೊಂಡಿತು. ರಷ್ಯಾದ 2022ರ ಮಾರ್ಚ್ 4ರ ಕಾನೂನು ಸೇನೆಯ ಬಗ್ಗೆ ‘ಸುಳ್ಳು’ ಹರಡಿದವರಿಗೆ 15 ವರ್ಷದವರೆಗೆ ಜೈಲು ಎಂದಿತು. ಅಧಿಕೃತ ಸುದ್ದಿಯಲ್ಲಿ ಸೋಲೇ ಇಲ್ಲದಿದ್ದಾಗ ಜನ ನಿಜಕ್ಕಾಗಿ ಟೆಲಿಗ್ರಾಂನ ಯುದ್ಧಬ್ಲಾಗರ್‌ಗಳ ಮೊರೆಹೋದರು. ಯುದ್ಧದ ಪರವಾಗಿದ್ದೇ ಜನರಲ್‌ಗಳನ್ನು ಬೈಯುವ ಹೊಸ ವರ್ಗವದು. ಅವರಲ್ಲಿ ಒಬ್ಬರಾದ ಇಗೋರ್ ಗಿರ್ಕಿನ್ 2024ರ ಜನವರಿಯಲ್ಲಿ ನಾಲ್ಕು ವರ್ಷದ ಶಿಕ್ಷೆಗೆ ಗುರಿಯಾದರು. 2023ರ ಜೂನ್ 23ರಂದು, ಖಾಸಗಿ ಸೇನೆಯ ಒಡೆಯನೂ ಆಗಿದ್ದ ಪ್ರಿಗೋಜಿನ್, ಯುದ್ಧಕ್ಕೆ ಕೊಟ್ಟ ಕಾರಣಗಳೇ ರಕ್ಷಣಾ ಸಚಿವಾಲಯದ ಸುಳ್ಳು ಎಂದು ಸಾರಿ ದಂಗೆಯೆದ್ದರು. ಎರಡೇ ತಿಂಗಳಲ್ಲಿ ವಿಮಾನ ಪತನದಲ್ಲಿ ಸತ್ತರು.

ಹೊರಗೆ ಯಂತ್ರ ನಿಂತಿಲ್ಲ. ‘ಲ ಮೋಂದ್’, ‘ಡೆರ್ ಶ್ಪೀಗೆಲ್’ ಪತ್ರಿಕೆಗಳ ತಾಣಗಳನ್ನು ತದ್ರೂಪ ನಕಲಿಸಿ ಸುಳ್ಳು ಬಿತ್ತುವ ‘ಡಾಪಲ್‌ಗ್ಯಾಂಗರ್’ ಜಾಲ 2022ರಲ್ಲಿ ಬಯಲಾಯಿತು. ಅದಕ್ಕೆ ಸೇರಿದ 32 ಜಾಲತಾಣಗಳನ್ನು ಅಮೆರಿಕ 2024ರಲ್ಲಿ ವಶಪಡಿಸಿಕೊಂಡಿತು. ರಷ್ಯಾದ ಒಳಗೆ 2025ರ ಆಗಸ್ಟಿನಿಂದ ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಕರೆಗಳಿಗೆ ತಡೆ ಬಿದ್ದಿತು. ಸೆಪ್ಟೆಂಬರ್ 1ರಿಂದ ಅಲ್ಲಿ ಮಾರುವ ಪ್ರತಿ ಹೊಸ ಮೊಬೈಲಿನಲ್ಲೂ ಸರ್ಕಾರದ ಬೆಂಬಲದ ‘ಮ್ಯಾಕ್ಸ್’ ಆ್ಯಪ್ ಮೊದಲೇ ಇರಬೇಕೆಂಬ ನಿಯಮ ಜಾರಿಗೆ ಬಂತು.