ರಂಜಕ ಎಲ್ಲಿಂದ ಬಂತು?

ಮೊನ್ನೆ ಗೆಳೆಯರೊಬ್ಬರು 'ಅಪ್ಪಟ ನಮ್ಮ ಕಡೆ ಊಟ' ಅಂತ ಒಂದು ತಟ್ಟೆಯ ಫೋಟೋ ಕಳಿಸಿದ್ದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಬದಿಗೆ ಕೆಂಪಗೆ ರಂಜಕ. ಬಾಯಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಆದರೆ ಆ 'ಅಪ್ಪಟ' ಅನ್ನೋ ಮಾತು ತಲೇಲಿ ಕೊರೆಯೋಕೆ ಶುರು ಮಾಡಿತು.

ಯಾಕೆಂದರೆ ಆ ತಟ್ಟೆಯಲ್ಲಿ ಈ ನೆಲದ್ದೇ ಅಂತ ಧೈರ್ಯವಾಗಿ ಹೇಳಬಹುದಾದ್ದು ಬದನೆಕಾಯಿ ಒಂದೇ! ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಮೆಕ್ಸಿಕೋ ಕಡೆಯದು. ಇನ್ನು ಜೋಳ? ಅದು ಆಫ್ರಿಕಾದ್ದು, ಸಾವಿರಾರು ವರ್ಷಗಳ ಹಿಂದೆಯೇ ಬಂದು ನೆಲೆ ನಿಂತದ್ದು. ರಾಗಿಯೂ ಅಷ್ಟೇ, ಇಥಿಯೋಪಿಯಾ-ಉಗಾಂಡಾ ಎತ್ತರ ಪ್ರದೇಶಗಳ ಕೂಸು. ಅಮೆರಿಕದ ಲೂಸಿಯಾನಾದಲ್ಲಿ, ಮಾರಿಷಸ್‌ನಲ್ಲಿ ಹೀಗೆ ನಾಲ್ಕು ಖಂಡದ ಸಾಮಾನು ಕೂಡಿ ಆದ ಅಡುಗೆಗೆ 'ಕ್ರಿಯೋಲ್' ಅಂತ ಹೆಸರು. ನಾವು ಅದನ್ನೇ ಮಾಡಿಕೊಂಡು ಉಂಡು 'ಅಪ್ಪಟ' ಅನ್ನುತ್ತೇವೆ.

ಹಾಗಾದರೆ ಮೆಣಸಿನಕಾಯಿ ಬರುವ ಮೊದಲು ನಮ್ಮವರು ಖಾರಕ್ಕೆ ಏನು ಮಾಡುತ್ತಿದ್ದರು? ಹಾನಗಲ್ಲಿನಲ್ಲಿ ಕದಂಬರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದ ಕಾಲದಲ್ಲಿ, ಅಂದರೆ 12ನೇ ಶತಮಾನದಲ್ಲಿ, ಚಕ್ರವರ್ತಿ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವಜರೆಲ್ಲ ಇದ್ದಾರೆ. ಖಾರಕ್ಕೆ ಮಾತ್ರ ಕಾಳುಮೆಣಸು, ಶುಂಠಿ. 1508ರ ಸುಮಾರಿಗೆ ಮೂರನೇ ಮಂಗರಸ ಕನ್ನಡದಲ್ಲೇ ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲೂ ಮೆಣಸಿನಕಾಯಿಯ ಸುಳಿವಿಲ್ಲ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಅಲ್ಲಿಂದ ಘಟ್ಟ ಹತ್ತಿದರೆ ನಮ್ಮ ಊರುಗಳು. ಬಟಾಟಿ, ಪೇರಲ ಅನ್ನೋ ಹೆಸರುಗಳೂ ಅದೇ ಭಾಷೆಯಿಂದ ಬಂದವು. ಮೆಣಸಿಗೆ ಬಂದ ಗತಿ ನೋಡಿ: ಹೊಸ ಕಾಯಿ ಅದರ ಹೆಸರನ್ನೇ ಕಸಿದುಕೊಂಡು 'ಮೆಣಸಿನಕಾಯಿ' ಆಯಿತು, ಹಳೆಯದು ತಾನು ಯಾರೆಂದು ಹೇಳಿಕೊಳ್ಳಲು 'ಕಾಳುಮೆಣಸು' ಆಗಬೇಕಾಯಿತು. ಇವತ್ತು ಪಕ್ಕದ ಬ್ಯಾಡಗಿಯ ಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ (2011) ಸಿಕ್ಕಿದೆ!

ರಂಜಕ ಅನ್ನೋ ಹೆಸರು ಇನ್ನೂ ಮಜವಾಗಿದೆ. ತೋಪು, ಬಂದೂಕುಗಳ ಕಿವಿಗೆ ಕಿಡಿ ಹತ್ತಿಸಲು ಹಾಕುತ್ತಿದ್ದ ಮದ್ದಿಗೆ ರಂಜಕ ಅನ್ನುತ್ತಿದ್ದರು. 1756ರಲ್ಲಿ ಪೇಶ್ವೆಯ ದಂಡು, ನಿಜಾಮನ ಕಡೆಯಿಂದ ಫ್ರೆಂಚ್ ಬುಸ್ಸಿಯ ತೋಪುಗಳು ಸೇರಿ ಸವಣೂರಿಗೆ ಮುತ್ತಿಗೆ ಹಾಕಿದ್ದು ಇತಿಹಾಸದಲ್ಲಿದೆ. ಚಟ್ನಿಗೆ ಹೆಸರಿಟ್ಟ ಪುಣ್ಯಾತ್ಗಿತ್ತಿ ಯಾರೋ, ಆಕೆಗೆ ಮದ್ದಿನ ಗುಣ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ.

ಸವಣೂರೇ ಒಂದು ಬೆರಕೆ ಊರು. ಆಳಿದವರು ಮಿಯಾನಾ ಪಠಾಣರು, ಒತ್ತಡ ಮರಾಠರದ್ದು, ರೈತರು ಕನ್ನಡದವರು, ಅಲ್ಲೇ ಸತ್ಯಬೋಧ ಸ್ವಾಮಿಗಳ ಮಠ. ಅಲ್ಲಿಯ ಎಲೆ, ಅಲ್ಲಿಯ ಖಾರಾ ತಿನ್ನುವಾಗ ಯಾವುದು ಯಾರದ್ದು ಅಂತ ಬಿಡಿಸೋದು ಕಷ್ಟ. ಬಿಡಿಸಿ ಏನು ಮಾಡಬೇಕು ಅನ್ನೋದು ಬೇರೆ ಪ್ರಶ್ನೆ. ಅದೇ ಊರಿನ ಮೂರು 'ದೊಡ್ಡ ಹುಣಸೆ' ಮರ ನೋಡಿದ್ದೀರಾ? ಅವು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್. ಕಾಯಿಯ ತಿರುಳು ಹುಳಿ, ಹಾಗಾಗಿ ನಮ್ಮವರು ಗೊತ್ತಿದ್ದ ಹೆಸರು ಕೊಟ್ಟರು. (ಹುಣಸೆಯೂ ಆಫ್ರಿಕಾ ಮೂಲದ್ದೇ, ಅದು ಬೇರೆ!) ಸೆನೆಗಲ್‌ನಲ್ಲಿ ಈ ತಿರುಳನ್ನು ಕದಡಿ ಪಾನಕ ಮಾಡುತ್ತಾರೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಉರುಳಿಬಿತ್ತು. ಎತ್ತಿ ಮತ್ತೆ ನೆಟ್ಟರು.

ಹಳೆಯ ಅಡುಗೆ ಪೂರ್ತಿ ಅಳಿದಿಲ್ಲ. ಅನೇಕ ಬ್ರಾಹ್ಮಣರ ಮನೆಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿ, ಬಟಾಟಿ, ಟೊಮೆಟೊ ಒಲೆಯ ಹತ್ತಿರ ಸುಳಿಯುವಂತಿಲ್ಲ, ಖಾರಕ್ಕೆ ಕಾಳುಮೆಣಸೇ. ಪಿತೃಗಳಿಗೆ ಅವರಿಗೆ ಗೊತ್ತಿದ್ದ ರುಚಿಯನ್ನೇ ಬಡಿಸೋ ಲೆಕ್ಕ!

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 16ನೇ ಶತಮಾನದಲ್ಲಿ 'ರಾಮಧಾನ್ಯಚರಿತ್ರೆ' ಬರೆದರು. ಅಕ್ಕಿಗೂ ರಾಗಿಗೂ ಜಗಳ, ಯಾರು ದೊಡ್ಡವರು ಅಂತ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಕೆಡುವುದಿಲ್ಲ. ಎಲ್ಲಿಂದ ಬಂದೆ ಅನ್ನೋದಲ್ಲ ಅಲ್ಲಿಯ ವಾದ, ಬಡವನ ಹೊಟ್ಟೆಗೆ ಯಾರು ಆಗುತ್ತಾರೆ ಅನ್ನೋದು.

ಈಗ ಹಿರೇಕೆರೂರು ಕಡೆ ಹೋದರೆ ಹೊಲದ ತುಂಬ ಗೋವಿನಜೋಳ. ಗೋವೆಯಿಂದ ಬಂತು ಅಂತ ಆ ಹೆಸರೋ, ಗೋವಿಗೆ ಹಾಕುವುದು ಅಂತಲೋ, ಎರಡೂ ಹೇಳುತ್ತಾರೆ. ಮೆಣಸಿನಕಾಯಿಯ ಹಾಗೆ ಇದೂ ಮೆಕ್ಸಿಕೋದ್ದೇ. ಆದರೆ ಇದು ನಮ್ಮ ತಟ್ಟೆಗೆ ಹೆಚ್ಚಾಗಿ ಬರಲೇ ಇಲ್ಲ, ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬಿಳಿಜೋಳ ಬಿತ್ತುತ್ತಿದ್ದ ಎಷ್ಟೋ ಎರೆಹೊಲಗಳಿಗೂ ಇದೇ ಬಂದು ಕೂತಿದೆ. ಅಪ್ಪಟ ರೊಟ್ಟಿಯ ಫೋಟೋ ಕಳಿಸಿದ ಗೆಳೆಯರ ಹೊಲದಲ್ಲಿ ಏನು ಬಿತ್ತಿದ್ದಾರೆ ಅಂತ ಕೇಳಿದೆ. ಗೋವಿನಜೋಳವಂತೆ. ಜೋಳದ ಹಿಟ್ಟು ಪೇಟೆಯಿಂದ ತಂದದ್ದಂತೆ.